ದೇವರಾವಿನ ಹಾಲು

ಕೋಳಿ ಕೂಗಲಿ ಎಂದು ಕಾಯುವ ಹೆಂಗಸಲ್ಲ ಪೇಚ್ಚಿಯಮ್ಮಾಳ್. ಅದಕ್ಕೂ ಮೊದಲೇ ಎದ್ದು ಕೊಟ್ಟಿಗೆಗೆ ಹೋಗಿ, ದೇವರಾವಿನ ಕೆಚ್ಚಲು ತೊಳೆದು ಹಾಲು ಕರೆದು, ಒಂದು ಕುದಿ ಬರಿಸಿ, ಹಿತ್ತಾಳೆ ಲೋಟಕ್ಕೆ ಬಗ್ಗಿಸಿಕೊಂಡು ಸೊಸೆಯ ಕೋಣೆ ಬಾಗಿಲಲ್ಲಿ ನಿಂತುಬಿಡುತ್ತಿದ್ದಳು. ಒಂದು ಕೈಯಲ್ಲಿ ಲೋಟ. ಇನ್ನೊಂದು ಅಂಗೈಯಲ್ಲಿ ಸೊಸೆ ಜೆಯಂತಿಯ ಮಾತ್ರೆಗಳು: ಥೈರಾಯ್ಡಿನದು ಪುಟ್ಟ ಬಿಳಿ ಮಾತ್ರೆ, ರಕ್ತ ಊರಲೆಂದು ಕೊಟ್ಟ ಕಬ್ಬಿಣದ ದಪ್ಪ ಕೆಂಪು ಮಾತ್ರೆ, ಜೊತೆಗೆ ವಿಟಮಿನ್ನಿನದೊಂದು.

"ಏಳು ತಾಯೀ. ಒಟ್ಟೆ ಬರಿದಾಗಿರೋವಾಗ್ಲೇ ಮಾತ್ತಿರೆ ಒಳಗೋಗ್ಬೇಕು. ಕುಡಿ, ಕುಡಿ."

ಜೆಯಂತಿ ಅರೆಗಣ್ಣಿನಲ್ಲೇ ಎಲ್ಲವನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡು ಹಾಲು ಗುಟುಕರಿಸುತ್ತಿದ್ದಳು. ಲೋಟ ಖಾಲಿಯಾಗುವವರೆಗೆ ಅತ್ತೆ ಕದಲುತ್ತಿರಲಿಲ್ಲ. ಬಾಯಿ ತೆರೆಸಿ ನಾಲಿಗೆಯಡಿ ನೋಡುವುದೊಂದು ಬಾಕಿ. ತಮಿಳುನಾಡಿನ ಕಂಬಂ ಊರಾಚೆಯ ದ್ರಾಕ್ಷಿ ತೋಟಗಳ ನಡುವಿನ ಆ ಮನೆಯಲ್ಲಿ ದಿನ ಶುರುವಾಗುತ್ತಿದ್ದದ್ದೇ ಹೀಗೆ.

ದೇವರಾವು ಎಂದರೆ ದೇವರಿಗೆಂದು ಬಿಟ್ಟ ಹಸು. ಅದನ್ನು ಹೂಡುವಂತಿಲ್ಲ, ಮಾರುವಂತಿಲ್ಲ. ಅದರ ಹಾಲನ್ನು ಸೊಸೈಟಿಗೆ ಹಾಕುವುದಿರಲಿ, ಮನೆಯ ಕಾಫಿಗೂ ಹೊಯ್ಯುವಂತಿರಲಿಲ್ಲ. ಕಾಯಿಲೆಯವರಿಗೆ, ಬಾಣಂತಿಯರಿಗೆ, ವಿರದ, ಅಂದರೆ ಉಪವಾಸ, ಹಿಡಿದವರಿಗೆ ಮಾತ್ರ ಅದು. ಉಪವಾಸದ ದಿನ ಒಂದು ಹನಿ ನೀರನ್ನೂ ಮುಟ್ಟದೆ ಕೂರುವ ಮುದುಕಿಯರೂ ದೇವರಾವಿನ ಹಾಲನ್ನು ಮಾತ್ರ ಕಣ್ಣಿಗೊತ್ತಿಕೊಂಡು ಕುಡಿಯುತ್ತಿದ್ದರು. ಅದು ಪ್ರಸಾದ, ಆಹಾರವಲ್ಲ. ಕುಡಿದರೂ ಹೊಟ್ಟೆ ಬರಿದೇ ಎಂಬುದು ಆ ಮನೆತನದ ಲೆಕ್ಕ. ದನ ಹೊಡೆದುಕೊಂಡು ಕನ್ನಡ ಸೀಮೆಯಿಂದ ಈ ಕಣಿವೆಗಿಳಿದ ಹಿರೀಕರ ಕಾಲದಿಂದ ಆ ಲೆಕ್ಕವನ್ನು ಯಾರೂ ತಿರುಗಿ ಕೂಡಿಸಿ ನೋಡಿರಲಿಲ್ಲ.

ಜೆಯಂತಿ ಬರೀ ಸೊಸೆಯಲ್ಲ. ಪೇಚ್ಚಿಯಮ್ಮಾಳಿನ ಒಡಹುಟ್ಟಿದ ಅಣ್ಣ ಮುತ್ತಯ್ಯನ ಮಗಳು. ತಾಯಿ ತೀರಿಕೊಂಡಾಗ ಇನ್ನೂ ನಡೆಯಲು ಕಲಿಯುತ್ತಿದ್ದ ಕೂಸನ್ನು ಈ ಅತ್ತೆಯೇ ಸೊಂಟಕ್ಕೆ ಏರಿಸಿಕೊಂಡು ದಿಂಡಿಗಲ್ಲಿನಿಂದ ತಂದು ಸಾಕಿದ್ದಳು. ಆಮೇಲೆ ತನ್ನ ಮಗ ಶಕ್ತಿವೇಲನಿಗೇ ತಂದುಕೊಂಡಳು. ಊರಿನವರು ಅತ್ತೆ ಸೊಸೆಯರ ಜಗಳ ಕೇಳಬೇಕೆಂದು ಕಿವಿ ನೆಟ್ಟಗೆ ಮಾಡಿಕೊಂಡು ಕಾದರು. ಪಾಪ, ಅವರ ಆಸೆ ಈಡೇರಲಿಲ್ಲ.

ಮದುವೆಯಾಗಿ ಕೆಲವು ವರ್ಷ ಕಳೆದರೂ ಮಡಿಲು ತುಂಬಲಿಲ್ಲ. ಜೆಯಂತಿ ಮಗುವಿಗೆಂದು ಹರಕೆ ಹೊತ್ತು ಮಾಂಸ, ಮೊಟ್ಟೆ ಬಿಟ್ಟಳು. ಅದರ ಹಿಂದೆಯೇ ಮಂಕು ಹಿಡಿಯಿತು. ಮೊದಲೆಲ್ಲ ದ್ರಾಕ್ಷಿ ಕೊಯ್ಯುವಾಗ ಚಪ್ಪರದ ಕೆಳಗೆ ಬಗ್ಗಿಕೊಂಡೇ ಓಡಾಡುತ್ತ ಎಲ್ಲರನ್ನೂ ರೇಗಿಸುತ್ತಿದ್ದ ಹುಡುಗಿ, ಕುಕ್ಕೆ ಪಕ್ಕಕ್ಕಿಟ್ಟು ಅಲ್ಲೇ ನಿದ್ದೆ ಹೋಗತೊಡಗಿದಳು. ಚಿತ್ತಿರೆ ತಿಂಗಳ ಸುಡುಬಿಸಿಲಲ್ಲೂ ಕಂಬಳಿ ಕೇಳುತ್ತಿದ್ದಳು. ಬಾಚಣಿಗೆ ತುಂಬ ಕೂದಲು, ಊದಿದ ಮುಖ, ಒಡಕು ದನಿ. ತಿಂಗಳ ಮುಟ್ಟು ನಿಲ್ಲುವುದನ್ನೇ ಮರೆತಿತ್ತು. ಯಾರೂ ಇಲ್ಲದಾಗ ಡಬ್ಬಿಯಿಂದ ಹಸಿ ಅಕ್ಕಿ ಮುಕ್ಕುತ್ತಿದ್ದಳು. ಎದುರು ಮನೆಯ ವೆಳ್ಳೈಯಮ್ಮಾಳ್ ಒಮ್ಮೆ "ಅಣ್ಣನ್ ಮಗಳೂಂತ ಶೆಲ್ಲಂ ಕೊಟ್ಟು, ಮುದ್ದು ಮಾಡಿ, ಸೋಂಬೇರಿ ಮಾಡ್ಬುಟ್ಟೆ ನೀನು" ಎಂದದ್ದಕ್ಕೆ ಪೇಚ್ಚಿಯಮ್ಮಾಳ್ ಅವಳ ಏಳು ತಲೆಮಾರಿನ ಸೋಮಾರಿಗಳನ್ನೆಲ್ಲ ಬೀದಿಯಲ್ಲಿ ನಿಲ್ಲಿಸಿ ಹೆಸರು ಹಿಡಿದು ಕರೆದಳು. ಮಾರನೇ ದಿನವೇ ಸೊಸೆಯನ್ನು ಷೇರ್ ಆಟೋಗೆ ಹತ್ತಿಸಿಕೊಂಡು ಕಂಬಂ ಪೇಟೆಯ ಡಾಕ್ಟರ ಬಳಿ ಕರೆದೊಯ್ದಳು.

ರಕ್ತ ಪರೀಕ್ಷೆಯಾಯಿತು. ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡುತ್ತಿಲ್ಲ, ಮೈಯಲ್ಲಿ ರಕ್ತವಿಲ್ಲ, ಕಬ್ಬಿಣದ ಅಂಶವಿಲ್ಲ, ವಿಟಮಿನ್ನೂ ತಳ ಕಂಡಿದೆ ಎಂದರು ಡಾಕ್ಟರು. ಸೋಮಾರಿತನವಲ್ಲ, ಕಾಯಿಲೆ. ಇದನ್ನು ಕೇಳಿ ಪೇಚ್ಚಿಯಮ್ಮಾಳಿಗೆ ಗೆದ್ದಷ್ಟು ಸಂತೋಷವಾಯಿತು. ವೆಳ್ಳೈಯಮ್ಮಾಳಿನ ಮನೆ ಮುಂದೆ ಬೇಕೆಂದೇ ನಿಧಾನವಾಗಿ ನಡೆದು ಬಂದಳು.

ಥೈರಾಯ್ಡಿನ ಮಾತ್ರೆ ಬೆಳಿಗ್ಗೆ ವೆರುವಯಿರಲ್ಲಿ ಎಂದಿದ್ದರು ಡಾಕ್ಟರು. ವೆರುವಯಿರು, ಅಂದರೆ ಬರಿ ಹೊಟ್ಟೆ. ಒಂದು ಗಂಟೆ ಏನೂ ತಿನ್ನಬಾರದು. ಕಬ್ಬಿಣದ ಮಾತ್ರೆ ಮಧ್ಯಾಹ್ನ ಊಟದ ಮೇಲೆ. ಆದರೆ ಮಧ್ಯಾಹ್ನ ಪೇಚ್ಚಿಯಮ್ಮಾಳ್ ತೋಟದಲ್ಲಿರುತ್ತಾಳೆ. ಜೆಯಂತಿಗೋ ಒಲೆ ಮೇಲಿಟ್ಟ ಅನ್ನವೂ ನೆನಪಿರದ ಮರೆವು. ಒಂದೆರಡು ದಿನ ಮಾತ್ರೆ ತಪ್ಪಿಸಿದಳು. ಆಗ ಅತ್ತೆ ತಾನೇ ತೀರ್ಮಾನ ಮಾಡಿದಳು. ಎಲ್ಲ ಮಾತ್ರೆಯೂ ಬೆಳಗಿನ ಜಾವ, ತನ್ನ ಕೈಯಿಂದಲೇ, ದೇವರಾವಿನ ಹಾಲಿನಲ್ಲಿ. ಹಸಿದ ಹೊಟ್ಟೆಗೆ ಮದ್ದು ಚೆನ್ನಾಗಿ ಹತ್ತುತ್ತದೆ, ಜೊತೆಗೆ ದೇವರೂ ಇರುತ್ತಾನೆ.

ಶಕ್ತಿವೇಲ್ ಒಮ್ಮೆ ಕೇಳಿದ್ದ. "ಏನೂ ತಗೋಬಾರ್ದು ಅಂದ್ರಲ್ಲಮ್ಮಾ ಡಾಕ್ಟರು?"

"ಏನ್ ಕೊಟ್ಟೆ ನಾನು? ಇಡ್ಲಿ ಕೊಟ್ನಾ, ಕಾಪಿ ಕೊಟ್ನಾ? ದೇವರಾವಿನ ಆಲು. ವಿರದದ ದಿನ ನಿಮ್ಮಪ್ಪ ಕುಡೀತಿರ್ಲಿಲ್ವಾ?"

ಅದೂ ಸರಿಯೇ ಅನ್ನಿಸಿತು ಅವನಿಗೆ. ಅವನೂ ಅದೇ ಮನೆಯಲ್ಲಿ ಬೆಳೆದವನು.

ಆಡಿ ತಿಂಗಳ ಗಾಳಿ ಬೀಸುವ ಹೊತ್ತಿಗೆ ಜೆಯಂತಿ ಬಸುರಿಯಾದಳು. ಮನೆಗೆ ಮನೆಯೇ ಹಬ್ಬವಾಯಿತು. ದಿಂಡಿಗಲ್ಲಿನಲ್ಲಿ ಬೀಗದ ಅಂಗಡಿ ಇಟ್ಟಿದ್ದ ಮುತ್ತಯ್ಯ ಅವತ್ತು ಬಾಗಿಲು ಹಾಕಿಕೊಂಡು, ಬೀಗ ಜಡಿಯುವುದನ್ನೇ ಮರೆತು ಬಸ್ಸು ಹತ್ತಿ ಬಂದ. ಮಗಳ ತಲೆ ಮೇಲೆ ಕೈಯಿಟ್ಟು, ತಂಗಿಯ ಕಡೆ ತಿರುಗಿ "ಪೇಚ್ಚೀ, ಇವಳ ಅವ್ವ ಇದ್ದಿದ್ರೂ ನಿನ್ನಷ್ಟು ನೋಡ್ಕೊಳ್ತಿರ್ಲಿಲ್ಲ" ಎಂದ. ಪೇಚ್ಚಿಯಮ್ಮಾಳ್ ಸೆರಗಿನಿಂದ ಕಣ್ಣೊರೆಸಿಕೊಂಡು, ಹಾಗೆಲ್ಲ ಅನ್ನಬಾರದೆಂದು ಅಣ್ಣನನ್ನು ಬೈದಳು. ಆ ಮಾತನ್ನು ಮಾತ್ರ ಎದೆಯಲ್ಲಿ ಭದ್ರವಾಗಿ ಇಟ್ಟುಕೊಂಡಳು.

ಡಾಕ್ಟರು ಎಚ್ಚರಿಕೆ ಹೇಳಿದರು. ಬಸುರಿಗೆ ಥೈರಾಯ್ಡು ಹತೋಟಿಯಲ್ಲಿರಬೇಕು, ರಕ್ತವೂ ಏರಬೇಕು. ಇಲ್ಲದಿದ್ದರೆ ಮಗುವಿಗೆ ಕಷ್ಟ. ಮೊದಲ ಸಲದ ಪರೀಕ್ಷೆಯಲ್ಲಿ ಏನೂ ಸುಧಾರಿಸಿರಲಿಲ್ಲ. ಮಾತ್ರೆಯ ಶಕ್ತಿ ಹೆಚ್ಚಿಸಿದರು. ಮತ್ತೊಂದು ಪರೀಕ್ಷೆ. ಆಗಲೂ ಅಷ್ಟೇ.

"ವೆರುವಯಿರಲ್ಲೇ ತಗೊಳ್ತಿದೀರಲ್ಲ?" ಎಂದು ಕೇಳಿದರು.

"ಹೌದು" ಎಂದರು ಅತ್ತೆ, ಸೊಸೆ, ಇಬ್ಬರೂ ಒಟ್ಟಿಗೆ. ಸುಳ್ಳಿನ ಸುಳಿವೂ ಇಲ್ಲದ ಉತ್ತರ.

ಡಾಕ್ಟರು ಮಾತ್ರೆ ಇನ್ನೂ ಹೆಚ್ಚಿಸಿ, ಜೆಯಂತಿಯನ್ನು ಒಮ್ಮೆ ಅನುಮಾನದಿಂದ ನೋಡಿದರು. ಮನೆಗೆ ಬಂದ ಮೇಲೆ ಶಕ್ತಿವೇಲನೂ ಹಾಗೇ ನೋಡಿದ. ಪೇಚ್ಚಿಯಮ್ಮಾಳ್ ಮಾತ್ರ ಹಸುವಿಗೆ ಹಿಂಡಿ ಹೆಚ್ಚು ಹಾಕಿ, ಸೊಸೆಯ ಲೋಟದ ಬದಲು ದೊಡ್ಡ ಲೋಟ ಇಟ್ಟಳು.

ಐಪ್ಪಸಿ ತಿಂಗಳ ಮಳೆಯ ಒಂದು ಮಧ್ಯಾಹ್ನ ಜೆಯಂತಿಗೆ ಸೊಂಟ ಹಿಡಿದುಕೊಂಡಿತು. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾಲ್ಕು ತಿಂಗಳ ಕೂಸು. ಬಟ್ಟೆಯಲ್ಲಿ ಸುತ್ತಿ ಕೊಟ್ಟದ್ದನ್ನು ಶಕ್ತಿವೇಲ್ ಎರಡೂ ಕೈಯಲ್ಲಿ ಹಿಡಿದು ತಂದು, ತೋಟದ ಅಂಚಿನ ತೆಂಗಿನ ಬುಡದಲ್ಲಿ ಹೂತ. ಹೂಳುವಾಗ ಅವನು ಯಾರನ್ನೂ ಹತ್ತಿರಕ್ಕೆ ಬಿಡಲಿಲ್ಲ.

ಅವರಲ್ಲಿ ಮಣ್ಣು ಮಾಡಿದ ಮಾರನೇ ದಿನ ಹಾಲೆರೆಯುತ್ತಾರೆ. ಪೇಚ್ಚಿಯಮ್ಮಾಳ್ ಹಾಲು ತೆಗೆದುಕೊಂಡು ಹೊರಟಾಗ ಮನೆತನದ ಹಿರಿಯರು ತಡೆದರು. ಉಸಿರು ತೆಗೆದುಕೊಳ್ಳದ ಕೂಸಿಗೆ ಹೆಸರಿಲ್ಲ, ಹೆಸರಿಲ್ಲದ್ದಕ್ಕೆ ಹಾಲಿಲ್ಲ ಎಂದರು. ಅವಳು ವಾಪಸು ಬಂದು ಆ ಹಾಲನ್ನೂ ಜೆಯಂತಿಗೇ ಕುಡಿಸಿದಳು.

ಆಮೇಲೆ ಜೆಯಂತಿ ಗೋಡೆ ಕಡೆ ಮುಖ ಮಾಡಿ ಮಲಗಿದವಳು ಏಳಲಿಲ್ಲ. ಬಹಳ ರಕ್ತ ಹೋಗಿತ್ತು. ಕೈ ಮುಟ್ಟಿದರೆ ಮಂಜುಗಡ್ಡೆ. ಕರೆದರೆ ಓಗೊಡುವುದಕ್ಕೂ ಅವಳಿಗೆ ಹೊತ್ತು ಬೇಕಾಗುತ್ತಿತ್ತು. ಮುತ್ತಯ್ಯ ಬಂದು ನೋಡಿ ಹೆದರಿದ. ದಿಂಡಿಗಲ್ಲಿನಲ್ಲಿ ಇಂಥದ್ದಕ್ಕೇ ಓದಿದ ಡಾಕ್ಟರಮ್ಮ ಇದ್ದಾರೆ, ಅಲ್ಲಿಗೇ ಹೋಗೋಣ ಎಂದ. ಶಕ್ತಿವೇಲ್ ಕಾರು ಗೊತ್ತು ಮಾಡಿದ. ತೇನಿ ದಾಟಿ, ವತ್ತಲಗುಂಡು ದಾಟಿ ಹೋಗುವಾಗ ದಾರಿಯುದ್ದಕ್ಕೂ ಜೆಯಂತಿಯ ತಲೆ ಅತ್ತೆಯ ತೊಡೆಯ ಮೇಲಿತ್ತು.

ಡಾಕ್ಟರಮ್ಮ ಹಳೆಯ ಚೀಟಿಗಳನ್ನೆಲ್ಲ ಒಂದೊಂದಾಗಿ ಓದಿದರು. ಓದುತ್ತ ಓದುತ್ತ ಹುಬ್ಬು ಗಂಟಾಯಿತು.

"ಇಷ್ಟು ಹೆಚ್ಚಿನ ಮಾತ್ರೆ ಕೊಟ್ಟಿದಾರೆ. ಇದಕ್ಕೆ ಈ ಹೊತ್ತಿಗೆ ಸರಿಹೋಗಿರಬೇಕಿತ್ತು. ಮಾತ್ರೆ ನಿಜವಾಗಿ ತಗೊಂಡ್ಯಾಮ್ಮಾ ನೀನು?" ಎಂದು ತಮಿಳಿನಲ್ಲಿ ಜೆಯಂತಿಯನ್ನು ಕೇಳಿದರು.

ಜೆಯಂತಿ ಹೌದೆಂದು ತಲೆಯಾಡಿಸಿದಳು. ಮುತ್ತಯ್ಯನಿಗೆ ತಾಳ್ಮೆ ಕೆಟ್ಟಿತು. ಮಗಳ ಕಡೆ ಬಗ್ಗಿ, ಮನೆಮಾತಿನಲ್ಲಿ ಗದರಿದ. "ನೆಜ ಯೋಳು. ನುಂಗಿದ್ಯಾ, ಇಲ್ಲ ಎಸೆದ್ಯಾ? ಒಂದು ಕೂಸು ಓಯ್ತಲ್ಲೇ!"

ಶಕ್ತಿವೇಲ್ ಕಿಟಕಿಯ ಕಡೆ ನೋಡುತ್ತ ನಿಂತ. ಜೆಯಂತಿಯ ಕಣ್ಣಲ್ಲಿ ನೀರು ತುಂಬಿತು. ಅವಳಿಗೆ ವಾದಿಸುವ ತ್ರಾಣವೂ ಇರಲಿಲ್ಲ.

ಪೇಚ್ಚಿಯಮ್ಮಾಳಿಗೆ ಮೈಯೆಲ್ಲ ಉರಿದುಹೋಯಿತು. ಕುರ್ಚಿಯಿಂದ ಎದ್ದೇಬಿಟ್ಟಳು.

"ಅಣ್ಣಾ, ಬಾಯಿ ಮುಚ್ಚು! ಅದ್ರ ಮ್ಯಾಲೆ ಪಳಿ ಆಕ್ಬ್ಯಾಡ. ನಾನಿದೀನಿ ಸಾಚ್ಚಿ" ಎಂದು ಅಣ್ಣನಿಗೆ ಹೇಳಿ, ಡಾಕ್ಟರಮ್ಮನ ಕಡೆ ತಿರುಗಿ ತಮಿಳಿಗೆ ಹೊರಳಿದಳು. ಎದೆ ಮುಟ್ಟಿಕೊಂಡು ಹೇಳಿದಳು. "ಒಂದು ದಿನ ತಪ್ಪಿಲ್ಲಮ್ಮಾ. ನನ್ನ ಕೈಯಾರೆ ಕೊಟ್ಟಿದೀನಿ. ಬೆಳಗಿನ ಜಾವ, ವೆರುವಯಿರಲ್ಲಿ. ಎಲ್ಲ ಮಾತ್ರೆಯೂ ಒಟ್ಟಿಗೆ. ನಮ್ಮ ದೇವರಾವಿನ ಹಾಲು ಲೋಟ ತುಂಬ ಕೊಟ್ಟು, ಮುಗಿಯೋ ತನಕ ಎದುರಿಗೇ ನಿಂತಿದೀನಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಹಾಲಿನಲ್ಲಾ?"

"ಹೌದಮ್ಮಾ. ಮನೆಯ ಹಾಲು. ಒಂದು ಹನಿ ನೀರು ಬೆರೆಸಿದ್ದಲ್ಲ."

"ಕಬ್ಬಿಣದ ಮಾತ್ರೆಯೂ ಅದರ ಜೊತೆಗೇ?"

ಪೇಚ್ಚಿಯಮ್ಮಾಳ್ ಹೌದೆಂದು ತಲೆಯಾಡಿಸಿದಳು. ಇನ್ನೇನು ಶಹಭಾಸ್ ಎನ್ನುತ್ತಾರೆ ಎಂದೇ ಅವಳು ಕಾದಿದ್ದಳು. ಡಾಕ್ಟರಮ್ಮನ ಮುಖದಲ್ಲಿ ಸಿಟ್ಟು ಬಂದು, ಹಾಗೇ ಇಳಿದುಹೋಯಿತು. ಅವರು ಎದ್ದು ಮೇಜು ಸುತ್ತಿಬಂದು ಪೇಚ್ಚಿಯಮ್ಮಾಳನ್ನು ಕೂರಿಸಿ, ತಾವೂ ಪಕ್ಕದ ಕುರ್ಚಿಯಲ್ಲಿ ಕೂತರು. ಮೆಲ್ಲಗೆ, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. ಥೈರಾಯ್ಡಿನ ಮಾತ್ರೆಯನ್ನು ಹಾಲು ಹಿಡಿದುಕೊಳ್ಳುತ್ತದೆ, ಕಬ್ಬಿಣವೂ ಹಿಡಿದುಕೊಳ್ಳುತ್ತದೆ. ಮಾತ್ರೆ ಹೊಟ್ಟೆಗೆ ಹೋಗುತ್ತದೆ, ಮೈಗೆ ಸೇರುವುದಿಲ್ಲ. ಹಾಲಿನ ಜೊತೆ ಹೋದ ಕಬ್ಬಿಣವೂ ರಕ್ತಕ್ಕೆ ಸರಿಯಾಗಿ ಹತ್ತುವುದಿಲ್ಲ. ಬಿಳಿ ಮಾತ್ರೆ ಬರೀ ನೀರಿನಲ್ಲಿ ನುಂಗಬೇಕು, ಒಂದು ಗಂಟೆ ಏನೂ ಬೇಡ. ಕಬ್ಬಿಣ ಮಧ್ಯಾಹ್ನಕ್ಕೆ, ನಿಂಬೆಹಣ್ಣಿನ ನೀರಿನಲ್ಲಿ. ಮಾಂಸ, ಮೊಟ್ಟೆ ಬಿಟ್ಟಿದ್ದರಿಂದ ಕಡಿಮೆಯಾದ ವಿಟಮಿನ್ನಿಗೆ ಇಂಜೆಕ್ಷನ್ ಹಾಕುತ್ತೇವೆ.

"ಎಲ್ಲ ಸರಿಹೋಗುತ್ತಮ್ಮಾ. ಹುಡುಗಿ ಎದ್ದು ಓಡಾಡ್ತಾಳೆ" ಎಂದರು.

ಪೇಚ್ಚಿಯಮ್ಮಾಳ್ ಆ ಕೊನೆಯ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ತನ್ನ ಎರಡು ಅಂಗೈಗಳನ್ನು ನೋಡಿಕೊಳ್ಳುತ್ತ ಕೇಳಿದಳು. "ಹಂಗಾದರೆ ಆ ಕೂಸು... ನನ್ನ ಕೈಯಿಂದಲೇ ಹೋಯ್ತಾ?"

"ಹಾಗೆ ಹೇಳೋಕಾಗಲ್ಲಮ್ಮಾ. ಬಸಿರು ಇಳಿಯೋದಕ್ಕೆ ನೂರು ಕಾರಣ. ಇದೇ ಅಂತ ಯಾರೂ ಹೇಳಲಾರರು. ನೀವು ಅದನ್ನ ತಲೆ ಮೇಲೆ ಹೊರಬೇಡಿ."

ಇದೇ ಎಂದೂ ಹೇಳಲಾರರು, ಇದಲ್ಲ ಎಂದೂ ಹೇಳಲಾರರು. ಹೌದು ಎಂದುಬಿಟ್ಟಿದ್ದರೆ ಎದೆ ಬಡಿದುಕೊಂಡು ಅಳಬಹುದಿತ್ತು. ಅಲ್ಲ ಎಂದಿದ್ದರೆ ಮನೆಗೆ ಹೋಗಿ ದೀಪ ಹಚ್ಚಬಹುದಿತ್ತು. ಎರಡೂ ಇಲ್ಲದೆ ಪೇಚ್ಚಿಯಮ್ಮಾಳ್ ಸೊಸೆಯ ತಣ್ಣನೆಯ ಕೈ ಹಿಡಿದುಕೊಂಡು ಹೊರಗೆ ಬಂದಳು. ಮುತ್ತಯ್ಯ ತಂಗಿಯ ಮುಖ ನೋಡಲಾರದೆ, ಮಾತ್ರೆ ಕೊಳ್ಳುವ ನೆಪ ಮಾಡಿಕೊಂಡು ಮುಂದೆ ಮುಂದೆ ನಡೆದ. ಶಕ್ತಿವೇಲ್ ಕಾರಿನ ಬಾಗಿಲು ತೆರೆದು, ಹೆಂಡತಿಯನ್ನು ಕೂರಿಸುವಾಗ ಅವಳ ಭುಜದ ಮೇಲೆ ಒಂದು ಕ್ಷಣ ಹಣೆಯಿಟ್ಟು ನಿಂತ.

ಹಿಂದಿರುಗುವ ದಾರಿಯಲ್ಲಿ ಪೇಚ್ಚಿಯಮ್ಮಾಳ್ ಮೆಲ್ಲಗೆ ಕೇಳಿದಳು. "ತಾಯೀ, ಡಾಕ್ಟರು ಏನೂ ಬ್ಯಾಡ ಅಂದಾಗ ನಿಂಗಾದ್ರೂ ಅನ್ನುಸ್ಲಿಲ್ವಾ, ಆಲು ಬ್ಯಾಡಾಂತ?"

"ಇಲ್ಲ ಅತ್ತೆ" ಎಂದಳು ಜೆಯಂತಿ. "ನಂಗೂ ಅದು ವಿರದದ ಆಲೇ."

ಅಷ್ಟು ಹೇಳಿ ಅತ್ತೆಯ ಭುಜಕ್ಕೆ ಒರಗಿದಳು. ಹೊರಗೆ ಬೆಟ್ಟದ ಸಾಲು ಹತ್ತಿರ ಹತ್ತಿರ ಬರುತ್ತಿತ್ತು.

ಮಾರನೇ ಬೆಳಿಗ್ಗೆ ಪೇಚ್ಚಿಯಮ್ಮಾಳ್ ಎದ್ದದ್ದು ಅದೇ ಹೊತ್ತಿಗೆ. ಕೈ ಕಾಲು ತಮ್ಮ ಪಾಡಿಗೆ ಕೊಟ್ಟಿಗೆಗೆ ನಡೆದವು. ಹಾಲು ಕರೆದಳು, ಕಾಯಿಸಿದಳು, ಲೋಟಕ್ಕೆ ಬಗ್ಗಿಸಿದಳು. ಸೊಸೆಯ ಕೋಣೆ ಬಾಗಿಲಿಗೆ ಬಂದ ಮೇಲೆಯೇ ಎಚ್ಚರವಾದದ್ದು. ಒಳಗೆ ಶಕ್ತಿವೇಲ್ ಹೆಂಡತಿಯನ್ನು ಎಬ್ಬಿಸಿ ಕೂರಿಸಿ, ಬಿಳಿ ಮಾತ್ರೆಯೊಂದನ್ನೇ ಕೊಟ್ಟು, ನೀರಿನ ಲೋಟ ಹಿಡಿದಿದ್ದ. ಜೆಯಂತಿ ಕುಡಿಯುವುದನ್ನು ಅತ್ತೆ ಬಾಗಿಲ ಸಂದಿಯಿಂದ ನೋಡಿದಳು. ಬರೀ ನೀರು. ಇಷ್ಟೇ ಬೇಕಾಗಿದ್ದದ್ದು. ಹಿತ್ತಲಿನ ಕೊಳಾಯಿಯಲ್ಲಿ ಸುಮ್ಮನೆ ಬರುವ ನೀರು.

ಕೈಯಲ್ಲಿದ್ದ ಹಾಲನ್ನು ಏನು ಮಾಡುವುದೆಂದು ತಿಳಿಯಲಿಲ್ಲ. ಚೆಲ್ಲುವಂತಿಲ್ಲ, ದೇವರದು. ಕುಡಿಯಲು ಗಂಟಲು ಒಪ್ಪುವುದಿಲ್ಲ. ಹಿತ್ತಲ ಬಾಗಿಲು ತೆರೆದು ತೋಟಕ್ಕೆ ನಡೆದಳು. ಎಲೆಯುದುರಿದ ದ್ರಾಕ್ಷಿ ಚಪ್ಪರದ ಕೆಳಗೆ ಬಗ್ಗಿ ಬಗ್ಗಿ ಹೋಗಿ, ಅಂಚಿನ ತೆಂಗಿನ ಬುಡ ಮುಟ್ಟಿದಳು. ಮಳೆಗೆ ಮಣ್ಣು ಕುಳಿತು ಅಲ್ಲೊಂದು ಸಣ್ಣ ತಗ್ಗು ಬಿದ್ದಿತ್ತು. ಹಿರಿಯರು ಏನಾದರೂ ಹೇಳಿಕೊಳ್ಳಲಿ, ಅವತ್ತು ಎರೆಯಬೇಕಾಗಿದ್ದ ಹಾಲನ್ನು ಇವತ್ತು ಎರೆಯುತ್ತೇನೆ ಎಂದು ಕುಕ್ಕರುಗಾಲಲ್ಲಿ ಕೂತು ಲೋಟ ಬಗ್ಗಿಸಿದಳು.

ಬಗ್ಗಿಸಿದ ಕೈ ಅರ್ಧಕ್ಕೇ ನಿಂತಿತು. ಇದೇ ಹಾಲು. ಇದೇ ಲೋಟ. ಇದೇ ಕೈ. ಮತ್ತೆ ಇದನ್ನೇ ಇದಕ್ಕೆ ಕೊಡುವುದೇ? ಅಣ್ಣ ಅಂದಿದ್ದ ಮಾತು ನೆನಪಾಯಿತು. ಹೆತ್ತವ್ವ ಇದ್ದಿದ್ದರೂ ನಿನ್ನಷ್ಟು ನೋಡಿಕೊಳ್ಳುತ್ತಿರಲಿಲ್ಲ ಎಂದಿದ್ದನಲ್ಲ. ಹೆತ್ತವ್ವ ಇದ್ದಿದ್ದರೆ ಬರೀ ನೀರು ಕೊಟ್ಟಿರುತ್ತಿದ್ದಳೇನೋ. ಪೇಚ್ಚಿಯಮ್ಮಾಳ್ ಲೋಟವನ್ನು ಎದೆಗೆ ಒತ್ತಿಕೊಂಡು, ಆವತ್ತು ಆಸ್ಪತ್ರೆಯಲ್ಲೂ ಅಳದ ಅಳುವನ್ನೆಲ್ಲ ಅತ್ತಳು.

ಹಿಂದೆ ತರಗೆಲೆ ಸದ್ದಾಯಿತು. ಜೆಯಂತಿ. ಕಂಬಳಿ ಹೊದ್ದು, ಚಪ್ಪರದ ಕಂಬಗಳನ್ನು ಒಂದೊಂದಾಗಿ ಹಿಡಿದುಕೊಂಡು ಅಷ್ಟು ದೂರ ನಡೆದು ಬಂದಿದ್ದಳು. ಅತ್ತೆಯ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತು ಉಸಿರು ತೆಗೆದುಕೊಂಡಳು. ಕೂಸನ್ನು ಹೂತ ಮೇಲೆ ಅವಳು ಇಲ್ಲಿಗೆ ಬಂದದ್ದು ಅದೇ ಮೊದಲು.

"ನೀ ಯಾಕ್ ಬಂದೆ ತಾಯೀ, ತಣ್ಣೆ ಗಾಳೀಲಿ?"

ಜೆಯಂತಿ ಲೋಟಕ್ಕೆ ಕೈ ಚಾಚಿದಳು. ಪೇಚ್ಚಿಯಮ್ಮಾಳ್ ಕೊಡಲಿಲ್ಲ.

"ಬ್ಯಾಡ. ಈ ಆಲು ಬ್ಯಾಡ ತಾಯೀ. ಬೇರೆ ಆಲು ತತ್ತೀನಿ. ಇಲ್ಲ ನೀರಾದ್ರೂ ತತ್ತೀನಿ. ಇದು ಮಾತ್ರ ಬ್ಯಾಡ."

ಜೆಯಂತಿ ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಲೋಟ ತೆಗೆದುಕೊಂಡಳು.

"ಇದನ್ನೇ ಕುಡ್ಕೊಂಡು ಇದ್ದದ್ದು ಅತ್ತೆ ಅದು, ಇದ್ದಷ್ಟು ದಿನ" ಎಂದಳು. "ಬೇರೆ ಆಲು ಅದಕ್ಕೆ ಗೊತ್ತಿಲ್ಲ."

ಎರಡೂ ಕೈಯಲ್ಲಿ ಲೋಟ ಹಿಡಿದು, ತಗ್ಗಿನೊಳಕ್ಕೆ ಸ್ವಲ್ಪ ಸ್ವಲ್ಪವಾಗಿ ಹಾಲೆರೆದಳು. ನೆನೆದ ಮಣ್ಣು ಅದನ್ನು ಬೇಗ ಕುಡಿಯಲಿಲ್ಲ. ಇಬ್ಬರೂ ಅದು ಇಂಗುವವರೆಗೆ ಅಲ್ಲೇ ಕೂತಿದ್ದರು.